ಹಂಚಿಕೆಯ ಜಾಲದಲ್ಲಿ ಡೇಟಾಬೇಸಿನ ಸಂರಚನಾ ಕಡತಗಳು: ಮಾತೃಕೆ ಮತ್ತು ಪ್ರತಿಗಳ ವಿಚಾರ

೧. ವಿಷಯಪ್ರವೇಶ

ನಿಘಂಟಿನ ಪದಸಂಗ್ರಹ, ಹಸ್ತಪ್ರತಿಗಳ ಸೂಚಿ, ಶಾಸನಗಳ ಅನುಕ್ರಮಣಿಕೆ, ಪುಸ್ತಕಭಂಡಾರದ ಯಾದಿ ಇವೇ ಮೊದಲಾದ ವಿದ್ವತ್ಸಾಮಗ್ರಿಗಳು ಈಗ ಕಾಗದದ ಚೀಟಿಗಳಲ್ಲಿ ಉಳಿಯದೆ ಬಹುಮಟ್ಟಿಗೆ ಡೇಟಾಬೇಸುಗಳನ್ನು ಸೇರಿವೆ. ವಿದ್ವಾಂಸನು ತನ್ನ ಮೇಜಿನ ಮೇಲಿನ ಯಂತ್ರದಲ್ಲಿ ಒಂದು ಶಬ್ದವನ್ನು ಹುಡುಕಿದರೆ ಉತ್ತರವು ಬೇರೊಂದು ಕೊಠಡಿಯಲ್ಲಿರುವ, ಕೆಲವು ವೇಳೆ ಬೇರೊಂದು ಊರಿನಲ್ಲಿರುವ ಯಂತ್ರದಿಂದ ಬರುತ್ತದೆ. ಕೇಳುವ ಯಂತ್ರಕ್ಕೆ ಹೇಳುವ ಯಂತ್ರದ ನೆಲೆಯನ್ನು ತಿಳಿಸತಕ್ಕದ್ದು ಕೆಲವೇ ಪಂಕ್ತಿಗಳ ಒಂದು ಸಣ್ಣ ಬರಹ. ಇದಕ್ಕೆ ಸಂರಚನಾ ಕಡತವೆಂದು ಹೆಸರು.

ಕಡತವೆಂಬ ಮಾತು ನಮಗೆ ಹೊಸದಲ್ಲ. ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದ ಬಟ್ಟೆಯನ್ನು ಮಡಿಸಿ, ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದ ಕಡತಗಳು ಮಠಗಳಲ್ಲಿಯೂ ಶಾನುಭೋಗರ ಮನೆಗಳಲ್ಲಿಯೂ ಇದ್ದುವು. ಅಲ್ಲಿ ಬರೆದದ್ದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಈಗಿನ ಕಡತಕ್ಕೂ ಅದೇ ಗುಣವಿದೆ. ಅದೇ ಅದರ ಅನುಕೂಲ, ಅದೇ ಅದರ ಅಪಾಯ.

ಒಂದೇ ಜಾಲದಲ್ಲಿ ಅನೇಕ ಯಂತ್ರಗಳಿರುವಾಗ ಈ ಕಡತಗಳನ್ನು ಎಲ್ಲಿ ಇಡಬೇಕು, ಯಾರು ತಿದ್ದಬೇಕು, ತಿದ್ದಿದ್ದು ಎಲ್ಲರಿಗೂ ಒಂದೇ ರೂಪದಲ್ಲಿ ಮುಟ್ಟುವುದು ಹೇಗೆ ಎಂಬುದೇ ಈ ಲೇಖನದ ವಿಚಾರ. ಇದು ಕೇವಲ ಯಂತ್ರಶಾಸ್ತ್ರಜ್ಞರ ಪ್ರಶ್ನೆಯೆಂದು ತೋರಬಹುದು. ಆದರೆ ಮೂಲ, ಪ್ರತಿ, ಪಾಠಾಂತರ, ಪ್ರಾಮಾಣ್ಯ ಎಂಬ ನಾಲ್ಕು ಕಲ್ಪನೆಗಳ ಮೇಲೆಯೇ ಈ ಪ್ರಶ್ನೆ ನಿಂತಿರುವುದರಿಂದ, ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳ ವಾಚಕರಿಗೆ ಇದರ ತಿರುಳು ಬೇಗನೆ ಗೋಚರವಾಗುವುದು. ಅಲ್ಲದೆ ಇದನ್ನು ಅಲಕ್ಷಿಸಿದರೆ ನಷ್ಟವಾಗುವುದು ಯಂತ್ರಕ್ಕಲ್ಲ, ವಿದ್ವಾಂಸರ ವರ್ಷಗಳ ದುಡಿಮೆಗೆ.

೨. ಹೆಸರು ಮತ್ತು ನೆಲೆ

ಸಂಬಂಧಾತ್ಮಕ ಡೇಟಾಬೇಸಿನ ತತ್ತ್ವವನ್ನು ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಇ.ಎಫ್. ಕಾಡ್ ಅವರು ೧೯೭೦ರ ಪ್ರಬಂಧದಲ್ಲಿ ನಿರೂಪಿಸಿದರು. ಅನೇಕರು ಹಂಚಿಕೊಂಡು ಬಳಸುವ ದೊಡ್ಡ ದತ್ತಸಂಗ್ರಹಗಳೇ ಆ ಪ್ರಬಂಧದ ವಿಷಯವಾಗಿದ್ದುವೆಂಬುದು ಗಮನಾರ್ಹ. ಆ ತತ್ತ್ವವನ್ನು ಅನುಸರಿಸಿದ ಒರಾಕಲ್ ತಂತ್ರಾಂಶವು ೧೯೭೯ರಲ್ಲಿ ಮಾರಾಟಕ್ಕೆ ಬಂದಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ೧೯೮೬ರಲ್ಲಿ ಆರಂಭವಾದ ಪೋಸ್ಟ್‌ಗ್ರೆಸ್ ಯೋಜನೆಯು ಮುಂದೆ ೧೯೯೬ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಹೆಸರನ್ನು ಪಡೆಯಿತು. ಮೈಎಸ್‌ಕ್ಯೂಎಲ್ ೧೯೯೫ರಲ್ಲಿ ಹೊರಬಂದಿತು. ಈ ಮೂರೂ ಇಂದು ವಿಶೇಷ ಬಳಕೆಯಲ್ಲಿವೆ. ನಮ್ಮ ಉದಾಹರಣೆಗಳನ್ನು ಇವುಗಳಿಂದಲೇ ಆರಿಸಿಕೊಳ್ಳಲಾಗಿದೆ.

ಮೊದಲು ಒರಾಕಲ್ಲಿನ ಪದ್ಧತಿಯನ್ನು ನೋಡೋಣ. ಡೇಟಾಬೇಸ್ ಇರುವ ಯಂತ್ರವನ್ನು ಸರ್ವರ್ ಎಂದೂ, ಅದನ್ನು ಕೇಳುವ ಯಂತ್ರವನ್ನು ಕ್ಲೈಂಟ್ ಎಂದೂ ಕರೆಯುತ್ತಾರೆ. ಕ್ಲೈಂಟಿನಲ್ಲಿ ಟಿಎನ್‌ಎಸ್‌ನೇಮ್ಸ್.ಒರಾ ಎಂಬ ಕಡತವೊಂದಿರುತ್ತದೆ. ಇದರ ರಚನೆ ನಿಘಂಟಿನದೇ. ಎಡಗಡೆಯಲ್ಲಿ ಒಂದು ಹೆಸರು. ಬಲಗಡೆಯಲ್ಲಿ ಆವರಣಚಿಹ್ನೆಗಳ ಒಳಗೆ ಅದರ ಅರ್ಥ. ಅರ್ಥವೆಂದರೆ ಯಾವ ಸಂಪರ್ಕನಿಯಮ, ಯಾವ ಯಂತ್ರ, ಯಾವ ಪೋರ್ಟು, ಆ ಯಂತ್ರದಲ್ಲಿ ಯಾವ ಸೇವೆ ಎಂಬ ನಾಲ್ಕು ಸಂಗತಿಗಳು. ಪೋರ್ಟಿನ ಸಂಖ್ಯೆ ಸಾಮಾನ್ಯವಾಗಿ ೧೫೨೧. ಬಳಕೆದಾರನು 'ನಿಘಂಟು' ಎಂಬ ಹೆಸರನ್ನು ಕೊಟ್ಟರೆ ತಂತ್ರಾಂಶವು ಈ ಕಡತದಲ್ಲಿ ಆ ಪದವನ್ನು ಹುಡುಕಿ, ಅಲ್ಲಿ ಹೇಳಿದ ನೆಲೆಗೆ ಹೋಗುತ್ತದೆ. ಸರ್ವರಿನ ಬಾಗಿಲಲ್ಲಿ ಲಿಸನರ್ ಎಂಬ ದ್ವಾರಪಾಲಕನು ಕುಳಿತಿದ್ದು, ಬಂದವರನ್ನು ಅವರು ಕೇಳಿದ ಸೇವೆಗೆ ಒಪ್ಪಿಸುತ್ತಾನೆ.

ಈ ಮೂರು ಹಂತಗಳನ್ನು ಬೇರೆ ಬೇರೆಯಾಗಿ ತಿಳಿದುಕೊಂಡರೆ, ಬಳಕೆದಾರರನ್ನು ಕಂಗೆಡಿಸುವ ದೋಷಸಂಖ್ಯೆಗಳು ತಾವೇ ಅರ್ಥವಾಗುತ್ತವೆ. ಒರಾ-೧೨೧೫೪ ಎಂಬ ದೋಷವು, ಕೊಟ್ಟ ಹೆಸರು ನಿಘಂಟಿನಲ್ಲಿ ಸಿಕ್ಕಲಿಲ್ಲವೆಂದು ಹೇಳುತ್ತದೆ. ಅಂದರೆ ಕ್ಲೈಂಟು ಇನ್ನೂ ಮನೆಯನ್ನೇ ಬಿಟ್ಟಿಲ್ಲ. ಒರಾ-೧೨೫೪೧ ಎಂದರೆ ನೆಲೆ ತಿಳಿಯಿತು, ಹೋದದ್ದೂ ಆಯಿತು, ಆದರೆ ಬಾಗಿಲಲ್ಲಿ ದ್ವಾರಪಾಲಕನಿಲ್ಲ. ಒರಾ-೧೨೫೧೪ ಎಂದರೆ ದ್ವಾರಪಾಲಕನಿದ್ದಾನೆ, ಆದರೆ ಕೇಳಿದ ಸೇವೆಯನ್ನು ಅವನು ಅರಿಯನು. ಮೊದಲನೆಯ ದೋಷ ಕಂಡಾಗ ಸರ್ವರನ್ನು ಪರೀಕ್ಷಿಸುತ್ತ ಕೂರುವುದು ವ್ಯರ್ಥ. ಕ್ಲೈಂಟು ಯಾವ ಕಡತವನ್ನು ಓದುತ್ತಿದೆಯೆಂಬುದನ್ನೇ ಮೊದಲು ನೋಡತಕ್ಕದ್ದು.

೩. ಪ್ರತಿಗಳು ಹೆಚ್ಚಿದಾಗ

ಟಿಎನ್‌ಎಸ್‌ನೇಮ್ಸ್.ಒರಾ ಕಡತವು ಸ್ವಭಾವತಃ ಆಯಾ ಯಂತ್ರದಲ್ಲಿ, ಒರಾಕಲ್ ತಂತ್ರಾಂಶವನ್ನು ಸ್ಥಾಪಿಸಿದ ಜಾಗದ ಒಳಗೆ ನೆಟ್‌ವರ್ಕ್, ಅದರೊಳಗೆ ಅಡ್ಮಿನ್ ಎಂಬ ಫೋಲ್ಡರಿನಲ್ಲಿರುತ್ತದೆ. ನಲವತ್ತು ಯಂತ್ರಗಳಿದ್ದರೆ ನಲವತ್ತು ಪ್ರತಿಗಳು. ಒಂದೇ ಯಂತ್ರದಲ್ಲಿ ತಂತ್ರಾಂಶದ ಎರಡು ಆವೃತ್ತಿಗಳಿದ್ದರೆ ಅಲ್ಲಿಯೇ ಎರಡು ಪ್ರತಿಗಳು. ಮೊದಲ ದಿನ ಇವೆಲ್ಲ ಒಂದೇ ಮಾತೃಕೆಯಿಂದ ಹುಟ್ಟಿರುತ್ತವೆ. ಬರಬರುತ್ತ ಒಬ್ಬನು ತನ್ನ ಅನುಕೂಲಕ್ಕಾಗಿ ಒಂದು ಹೆಸರನ್ನು ಸೇರಿಸುತ್ತಾನೆ. ಇನ್ನೊಬ್ಬನು ಹಳೆಯ ನೆಲೆಯನ್ನು ಅಳಿಸದೆ ಹೊಸದನ್ನು ಬರೆಯುತ್ತಾನೆ. ಮತ್ತೊಬ್ಬನು ನೆರೆಯವನ ಕಡತವನ್ನು ತಂದು ತನ್ನದರ ಮೇಲೆ ಹಾಕುತ್ತಾನೆ. ಲಿಪಿಕಾರರ ಕೈಯಲ್ಲಿ ಕಾವ್ಯಕ್ಕೆ ಶತಮಾನಗಳಲ್ಲಿ ಆಗುವುದು ಈ ಕಡತಕ್ಕೆ ಎರಡು ಮೂರು ವರ್ಷಗಳಲ್ಲಿ ಆಗುತ್ತದೆ.

ಆದರೆ ಒಂದು ಭೇದವುಂಟು. ಕಾವ್ಯದ ಪಾಠಾಂತರಗಳು ಸಂಶೋಧಕನಿಗೆ ಸಾಮಗ್ರಿ. ಅವುಗಳಿಂದ ಪ್ರತಿಗಳ ವಂಶವೃಕ್ಷವನ್ನು ಕಟ್ಟಬಹುದು, ಲುಪ್ತವಾದ ಮೂಲಪಾಠವನ್ನು ಊಹಿಸಬಹುದು. ಸಂರಚನಾ ಕಡತದ ಪಾಠಾಂತರದಿಂದ ಯಾವ ಪ್ರಯೋಜನವೂ ಇಲ್ಲ, ಕೇವಲ ಹಾನಿ. ಈ ಹಾನಿಯಲ್ಲಿ ಎರಡು ಬಗೆಗಳನ್ನು ಗುರುತಿಸಬಹುದು.

ಮೊದಲನೆಯದು ಕಣ್ಣಿಗೆ ಕಾಣುವ ಹಾನಿ. ಸರ್ವರನ್ನು ಬೇರೆಡೆಗೆ ಸಾಗಿಸಿದಾಗ ಕೆಲವು ಪ್ರತಿಗಳನ್ನು ತಿದ್ದಿ ಕೆಲವನ್ನು ಮರೆತರೆ, ಮರೆತ ಯಂತ್ರಗಳಲ್ಲಿ ಸಂಪರ್ಕವು ತಪ್ಪುತ್ತದೆ. ಇದು ಉಪದ್ರವವೇ ಹೌದು. ಆದರೆ ದೋಷವು ತಾನಾಗಿಯೇ ಕೂಗಿ ಹೇಳುವುದರಿಂದ ಬೇಗ ಪರಿಹಾರವಾಗುತ್ತದೆ.

ಎರಡನೆಯದು ಮೌನವಾದ ಹಾನಿ. ಒಂದು ಸಂಸ್ಥೆಯಲ್ಲಿ ನಿಜವಾದ ಡೇಟಾಬೇಸಲ್ಲದೆ, ಪ್ರಯೋಗಕ್ಕೆಂದು ಅದರದೇ ಪ್ರತಿರೂಪವಾದ ಇನ್ನೊಂದು ಡೇಟಾಬೇಸ್ ಇರುವುದು ರೂಢಿ. 'ನಿಘಂಟು' ಎಂಬ ಹೆಸರು ಒಂದು ಯಂತ್ರದಲ್ಲಿ ನಿಜವಾದುದನ್ನೂ ಮತ್ತೊಂದರಲ್ಲಿ ಪ್ರಯೋಗದ್ದನ್ನೂ ಸೂಚಿಸಿದರೆ ಏನಾಗುವುದು? ಎರಡನೆಯ ಯಂತ್ರದಲ್ಲಿ ಕುಳಿತವನು ತಿಂಗಳುಗಟ್ಟಲೆ ಶ್ರದ್ಧೆಯಿಂದ ಉಲ್ಲೇಖಗಳನ್ನು ತುಂಬುತ್ತಾನೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಒಂದು ದಿನ ಪ್ರಯೋಗದ ಡೇಟಾಬೇಸನ್ನು ಅಳಿಸಿ ಹೊಸದಾಗಿ ತುಂಬಿದಾಗ ಅವನ ಶ್ರಮವೆಲ್ಲ ಇಲ್ಲವಾಗುತ್ತದೆ. ಇದರ ವಿಪರ್ಯಯವು ಇನ್ನೂ ಘೋರ: ಪ್ರಯೋಗವೆಂದು ಭಾವಿಸಿ ಅಳಿಸಿದ್ದು ನಿಜವಾದುದೇ ಆಗಿರಬಹುದು. ಇಲ್ಲಿ ಯಾವ ದೋಷಸಂಖ್ಯೆಯೂ ತೋರುವುದಿಲ್ಲ. ಯಂತ್ರದ ದೃಷ್ಟಿಯಿಂದ ತಪ್ಪೇನೂ ನಡೆದಿಲ್ಲ. ಹೆಸರಿಗೂ ಅರ್ಥಕ್ಕೂ ಇದ್ದ ಒಪ್ಪಂದವು ಮುರಿದಿದೆ, ಅಷ್ಟೆ. ಕಡತಗಳ ನಿರ್ವಹಣೆಯಲ್ಲಿ ಮಾಡುವ ಏರ್ಪಾಟುಗಳೆಲ್ಲ ಮುಖ್ಯವಾಗಿ ಈ ಎರಡನೆಯ ಬಗೆಯ ಹಾನಿಯನ್ನು ತಡೆಯುವುದಕ್ಕಾಗಿಯೇ ಎಂದು ತಿಳಿಯಬೇಕು.

೪. ಪೂರ್ವಚರಿತ್ರೆಯ ಒಂದು ಪಾಠ

ಈ ಸಂಕಟವು ಡೇಟಾಬೇಸುಗಳಿಗೆ ಮಾತ್ರ ಬಂದುದಲ್ಲ. ಇಂದಿನ ಅಂತರ್ಜಾಲಕ್ಕೆ ಮೂಲವಾದ ಅಮೆರಿಕದ ಆರ್ಪಾನೆಟ್ಟಿನಲ್ಲಿ ಯಂತ್ರಗಳ ಹೆಸರುಗಳಿಗೂ ಅಂಕೆಗಳ ವಿಳಾಸಗಳಿಗೂ ಹೊಂದಿಕೆಯನ್ನು ತೋರಿಸುವ ಹೋಸ್ಟ್ಸ್.ಟಿಎಕ್ಸ್‌ಟಿ ಎಂಬ ಒಂದೇ ಕಡತವಿತ್ತು. ಅದನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಮಾಹಿತಿಕೇಂದ್ರವು ಕಾಪಾಡುತ್ತಿತ್ತು. ಎಲಿಜಬೆತ್ ಫೈನ್ಲರ್ ಅವರು ಆ ಕೇಂದ್ರದ ಮುಖ್ಯಸ್ಥೆಯಾಗಿದ್ದರು. ಹೊಸ ಯಂತ್ರವು ಜಾಲವನ್ನು ಸೇರಿದರೆ ಅದರ ಒಡೆಯರು ಕೇಂದ್ರಕ್ಕೆ ತಿಳಿಸಬೇಕು. ಕೇಂದ್ರವು ಕಡತವನ್ನು ತಿದ್ದಬೇಕು. ಉಳಿದವರೆಲ್ಲರೂ ಆಗಾಗ ಹೊಸ ಪ್ರತಿಯನ್ನು ತರಿಸಿಕೊಳ್ಳಬೇಕು.

ಯಂತ್ರಗಳು ಕೆಲವಿದ್ದಾಗ ಇದು ನಡೆಯಿತು. ಅವು ಹೆಚ್ಚಿದಂತೆ ಕಡತವು ಬೆಳೆಯಿತು, ತರಿಸಿಕೊಳ್ಳುವವರೂ ಬೆಳೆದರು, ಒಬ್ಬರ ಪ್ರತಿ ಇನ್ನೊಬ್ಬರದಕ್ಕಿಂತ ಹಳೆಯದಾಗಿ ಉಳಿಯುವುದು ಸಾಮಾನ್ಯವಾಯಿತು. ೧೯೮೩ರಲ್ಲಿ ಪಾಲ್ ಮೊಕಾಪೆಟ್ರಿಸ್ ಅವರು ಕಡತಕ್ಕೆ ಬದಲಾಗಿ, ಅಧಿಕಾರವನ್ನು ವಿಭಾಗಿಸಿ ಹಂಚಿಕೊಟ್ಟ ಹೆಸರುಗಳ ವ್ಯವಸ್ಥೆಯನ್ನು ರೂಪಿಸಿದರು. ಅದೇ ಇಂದು ಡಿಎನ್‌ಎಸ್ ಎಂದು ಪ್ರಸಿದ್ಧವಾಗಿರುವುದು. ಆ ವ್ಯವಸ್ಥೆಯಲ್ಲಿ ಪ್ರತಿಯೊಂದು ಹೆಸರಿಗೂ ಉತ್ತರ ಹೇಳತಕ್ಕ ಅಧಿಕಾರಸ್ಥಾನವೊಂದು ನಿಗದಿಯಾಗಿದೆ. ಉಳಿದವರು ಇಟ್ಟುಕೊಳ್ಳುವ ಪ್ರತಿಗೆ ಇಂತಿಷ್ಟು ಕಾಲವೆಂದು ಆಯುಷ್ಯದ ಮಿತಿಯುಂಟು. ಪ್ರತಿಯನ್ನು ನಿಷೇಧಿಸಲಿಲ್ಲ, ಪ್ರತಿಯು ಚಿರಂಜೀವಿಯಾಗುವುದನ್ನು ನಿಷೇಧಿಸಿದರು. ಪ್ರತಿಗಳ ವಿಚಾರದಲ್ಲಿ ಇದಕ್ಕಿಂತ ವಿವೇಕದ ನಿಯಮ ಮತ್ತೊಂದಿಲ್ಲ.

೫. ನಾಲ್ಕು ಮಾರ್ಗಗಳು

ಒರಾಕಲ್ಲಿನ ಕಡತದ ವಿಷಯದಲ್ಲಿ ಅನುಸರಿಸಬಹುದಾದ ಮಾರ್ಗಗಳು ನಾಲ್ಕು.

(ಅ) ಹಂಚಿಕೆಯ ಫೋಲ್ಡರು. ಜಾಲದ ಒಂದು ಸರ್ವರಿನಲ್ಲಿ ಎಲ್ಲರೂ ಓದಬಹುದಾದ ಫೋಲ್ಡರೊಂದನ್ನು ಮಾಡಿ, ಕಡತವನ್ನು ಅಲ್ಲಿಟ್ಟು, ಪ್ರತಿಯೊಂದು ಯಂತ್ರದಲ್ಲಿಯೂ ಟಿಎನ್‌ಎಸ್_ಅಡ್ಮಿನ್ ಎಂಬ ಹೆಸರಿಗೆ ಆ ಫೋಲ್ಡರಿನ ದಾರಿಯನ್ನು ಮೌಲ್ಯವಾಗಿ ಕೊಡುವುದು. ಆಗ ತಂತ್ರಾಂಶವು ತನ್ನ ಮನೆಯ ಪ್ರತಿಯನ್ನು ಬಿಟ್ಟು ಅಲ್ಲಿಯದನ್ನು ಓದುತ್ತದೆ. ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ. ಹೊಸದಾಗಿ ಸಂಪರ್ಕಿಸುವವರಿಗೆ ಹೊಸ ಪಾಠವು ದೊರೆಯುತ್ತದೆ. ಆಗಲೇ ಏರ್ಪಟ್ಟಿರುವ ಸಂಪರ್ಕಗಳಿಗೆ ಬಾಧೆಯಿಲ್ಲ. ಚಿಕ್ಕ ಸಂಸ್ಥೆಗಳಿಗೆ ಇದು ಸುಲಭವೂ ಮಿತವ್ಯಯದ್ದೂ ಆದ ಮಾರ್ಗ.

ಇದರ ದೋಷಗಳನ್ನೂ ಹೇಳಬೇಕು. ಫೋಲ್ಡರು ಇರುವ ಸರ್ವರು ನಿಂತರೆ, ಡೇಟಾಬೇಸ್ ಆರೋಗ್ಯವಾಗಿದ್ದರೂ ಅದರ ದಾರಿ ಯಾರಿಗೂ ತಿಳಿಯದು. ಕಡತದ ಒಂದು ಆವರಣಚಿಹ್ನೆ ತಪ್ಪಿದರೆ ಆ ತಪ್ಪೂ ಎಲ್ಲರಿಗೂ ಒಟ್ಟಿಗೇ ಹಂಚಿಕೆಯಾಗುತ್ತದೆ. ವಿಂಡೋಸ್ ಯಂತ್ರಗಳಲ್ಲಿ ಫೋಲ್ಡರಿಗೆ ಒಂದು ಡ್ರೈವಿನ ಅಕ್ಷರವನ್ನು ಕೊಟ್ಟು ಆ ಅಕ್ಷರದಿಂದ ದಾರಿಯನ್ನು ಬರೆದರೆ, ಬಳಕೆದಾರನ ಕೆಲಸವು ನಡೆಯುತ್ತದೆ, ಆದರೆ ಹಿನ್ನೆಲೆಯಲ್ಲಿ ಬೇರೆ ಖಾತೆಯಿಂದ ನಡೆಯುವ ಸೇವೆಗಳಿಗೆ ಆ ಅಕ್ಷರವೇ ಕಾಣುವುದಿಲ್ಲ. ಆದಕಾರಣ ಸರ್ವರಿನ ಹೆಸರಿನಿಂದ ಆರಂಭವಾಗುವ ಪೂರ್ಣ ದಾರಿಯನ್ನು ಬರೆಯುವುದೇ ಮೇಲು. ಇನ್ನೊಂದು ಸೂಕ್ಷ್ಮವೂ ಉಂಟು. ಟಿಎನ್‌ಎಸ್_ಅಡ್ಮಿನ್ ಮೌಲ್ಯವು ಟಿಎನ್‌ಎಸ್‌ನೇಮ್ಸ್.ಒರಾ ಒಂದಕ್ಕೇ ಅನ್ವಯಿಸುವುದಿಲ್ಲ. ಸಂಪರ್ಕದ ಸಾಮಾನ್ಯ ನಿಯಮಗಳನ್ನು ಹೇಳುವ ಎಸ್‌ಕ್ಯೂಎಲ್‌ನೆಟ್.ಒರಾ ಎಂಬ ಕಡತವನ್ನೂ ತಂತ್ರಾಂಶವು ಅದೇ ಫೋಲ್ಡರಿನಲ್ಲಿ ಹುಡುಕುತ್ತದೆ. ಇದನ್ನರಿಯದೆ ಒಂದನ್ನು ಮಾತ್ರ ಸಾಗಿಸಿದವರಿಗೆ, ಹಿಂದೆ ಇದ್ದ ನಿಯಮಗಳು ಕಾರಣವಿಲ್ಲದೆ ಮಾಯವಾದಂತೆ ತೋರುವುದು.

ಸ್ಥಳೀಯವಾದ ಕೆಲವು ಹೆಸರುಗಳೂ ಬೇಕು, ಸಾಮಾನ್ಯ ಕಡತವೂ ಬೇಕು ಎಂಬವರಿಗೆ ಐಫೈಲ್ ಎಂಬ ಸೌಕರ್ಯವಿದೆ. ಸ್ಥಳೀಯ ಕಡತದಲ್ಲಿ ಈ ಪದದ ಮುಂದೆ ಹಂಚಿಕೆಯ ಕಡತದ ದಾರಿಯನ್ನು ಬರೆದರೆ, ಅದರಲ್ಲಿರುವುದೆಲ್ಲ ಇಲ್ಲಿಯೇ ಬರೆದಂತೆ ಗ್ರಹಿಸಲ್ಪಡುತ್ತದೆ.

(ಆ) ಮಾತೃಕೆಯಿಂದ ಪ್ರತಿಗಳ ವಿತರಣೆ. ಇಲ್ಲಿ ಪ್ರತಿಗಳು ಆಯಾ ಯಂತ್ರದಲ್ಲಿಯೇ ಇರುತ್ತವೆ. ಆದರೆ ಅವನ್ನು ಯಾರೂ ಕೈಯಿಂದ ತಿದ್ದುವುದಿಲ್ಲ. ಮಾತೃಕೆಯು ಒಂದು ಕಡೆ, ಪ್ರತಿಯೊಂದು ತಿದ್ದುಪಡಿಯ ಚರಿತ್ರೆಯೊಡನೆ ಇರುತ್ತದೆ; ಇದಕ್ಕೆ ೨೦೦೫ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರು ರಚಿಸಿದ ಗಿಟ್ ಎಂಬ ತಂತ್ರಾಂಶವು ಬಹಳ ಬಳಕೆಯಲ್ಲಿದೆ. ಮಾತೃಕೆಯಿಂದ ಪ್ರತಿಗಳನ್ನು ತೆಗೆದು ಯಂತ್ರಯಂತ್ರಕ್ಕೂ ಮುಟ್ಟಿಸುವ ಕೆಲಸವನ್ನು ಬೇರೊಂದು ತಂತ್ರಾಂಶವು ಮಾಡುತ್ತದೆ. ಈ ಜಾತಿಯ ತಂತ್ರಾಂಶಗಳಲ್ಲಿ ಆದ್ಯವೆನ್ನಬಹುದಾದ ಸಿಎಫ್‌ಇಂಜಿನ್ನನ್ನು ಮಾರ್ಕ್ ಬರ್ಜೆಸ್ ಅವರು ನಾರ್ವೆಯ ಆಸ್ಲೋವಿನಲ್ಲಿ ೧೯೯೩ರಲ್ಲಿ ಆರಂಭಿಸಿದರು. ಪಪೆಟ್, ಆನ್ಸಿಬಲ್ ಮೊದಲಾದವು ಅನಂತರದವು. ಇವುಗಳ ವಿಶೇಷವೇನೆಂದರೆ, ಯಂತ್ರದಲ್ಲಿರುವ ಪ್ರತಿಯು ಮಾತೃಕೆಗೆ ಸಮವಾಗಿದ್ದರೆ ಸುಮ್ಮನಿರುತ್ತವೆ. ಭಿನ್ನವಾಗಿದ್ದರೆ ಮಾತ್ರ ಸರಿಪಡಿಸುತ್ತವೆ. ಜಾಲವು ಕ್ಷಣಕಾಲ ಕಡಿದರೂ ಸ್ಥಳೀಯ ಪ್ರತಿಯಿಂದ ಕೆಲಸವು ಸಾಗುವುದು ಈ ಮಾರ್ಗದ ಗುಣ.

(ಇ) ಡೈರೆಕ್ಟರಿ ಸೇವೆ. ಕಡತವನ್ನೇ ಬಿಟ್ಟು, ಹೆಸರುಗಳನ್ನು ಎಲ್‌ಡ್ಯಾಪ್ ಎಂಬ ನಿಯಮವನ್ನನುಸರಿಸುವ ಕೇಂದ್ರದಲ್ಲಿಟ್ಟು, ಕ್ಲೈಂಟುಗಳು ಪ್ರತಿಸಲವೂ ಅಲ್ಲಿಯೇ ಕೇಳುವಂತೆ ಮಾಡುವುದು. ಎಸ್‌ಕ್ಯೂಎಲ್‌ನೆಟ್.ಒರಾ ಕಡತದ ನೇಮ್ಸ್.ಡೈರೆಕ್ಟರಿ_ಪಾತ್ ಎಂಬ ಪಂಕ್ತಿಯಲ್ಲಿ ಮೊದಲು ಎಲ್ಲಿ ಕೇಳಬೇಕು, ಅಲ್ಲಿ ಸಿಗದಿದ್ದರೆ ಬಳಿಕ ಎಲ್ಲಿ ಎಂಬ ಕ್ರಮವನ್ನು ಬರೆಯಬಹುದು. ಆರ್ಪಾನೆಟ್ಟಿನ ಕಡತದಿಂದ ಡಿಎನ್‌ಎಸ್ಸಿಗೆ ನಡೆದ ಹೆಜ್ಜೆಯೂ ಇದೂ ಒಂದೇ ಜಾತಿಯವು. ದೊಡ್ಡ ಸಂಸ್ಥೆಗಳಿಗೆ ಇದು ಯೋಗ್ಯ. ಆದರೆ ಡೈರೆಕ್ಟರಿಯನ್ನು ಕಾಪಾಡುವುದೇ ಒಂದು ಪ್ರತ್ಯೇಕ ಕೆಲಸವಾಗುತ್ತದೆ.

(ಈ) ನೇರ ವಿಳಾಸ. ಹೆಸರಿನ ಗೊಡವೆಯಿಲ್ಲದೆ ಯಂತ್ರ, ಪೋರ್ಟು, ಸೇವೆ ಮೂರನ್ನೂ ಒಂದೇ ಪಂಕ್ತಿಯಲ್ಲಿ ಕೊಡುವ ಈಜಿ ಕನೆಕ್ಟ್ ಎಂಬ ಪದ್ಧತಿಯು ಒರಾಕಲ್ಲಿನ ಹತ್ತನೆಯ ಆವೃತ್ತಿಯಿಂದ ಇದೆ. ಕಡತವೇ ಇಲ್ಲದಿರುವುದರಿಂದ ಕಡತದ ತೊಂದರೆಯೂ ಇಲ್ಲವೆಂದು ತೋರುವುದು. ವಾಸ್ತವದಲ್ಲಿ ವಿಳಾಸವು ಮಾಯವಾಗುವುದಿಲ್ಲ. ಪ್ರತಿಯೊಂದು ಪ್ರೋಗ್ರಾಮಿನ ಒಳಗೆ ಚದರಿಹೋಗುತ್ತದೆ. ನಿಘಂಟಿನ ಪಾಠಾಂತರಗಳನ್ನು ತಪ್ಪಿಸಲು ನಿಘಂಟನ್ನೇ ಸುಟ್ಟು, ಅರ್ಥಗಳನ್ನು ಓದುಗರ ನೆನಪಿಗೆ ಬಿಟ್ಟಂತೆ. ತಾತ್ಕಾಲಿಕ ಕೆಲಸಕ್ಕೆ ಇದು ಸಾಕು. ಶಾಶ್ವತ ವ್ಯವಸ್ಥೆಗೆ ತಕ್ಕುದಲ್ಲ.

ಯಾವ ಮಾರ್ಗವನ್ನು ಹಿಡಿದರೂ ಒಂದು ಉಪಾಯವು ಎಲ್ಲಕ್ಕೂ ಸಲ್ಲುತ್ತದೆ. ಯಂತ್ರದ ವಿಳಾಸವನ್ನು ಅಂಕೆಗಳಲ್ಲಿ ಬರೆಯದೆ, ಡಿಎನ್‌ಎಸ್ಸಿನಲ್ಲಿ ಆ ಸೇವೆಗೆಂದೇ ಒಂದು ಹೆಸರನ್ನು ಮಾಡಿ ಅದನ್ನು ಬರೆಯುವುದು. ಸರ್ವರು ಬದಲಾದಾಗ ಆ ಹೆಸರಿನ ಅರ್ಥವನ್ನು ಒಂದು ಕಡೆ ಬದಲಿಸಿದರೆ ತೀರಿತು, ಕಡತವನ್ನು ಮುಟ್ಟಬೇಕಾಗಿಲ್ಲ.

೬. ವಿರೋಧ ಬಂದಾಗ ಬಲವತ್ತರವಾವುದು?

ಒಂದೇ ವಿಷಯವನ್ನು ಎರಡು ಪಂಕ್ತಿಗಳು ಬೇರೆ ಬೇರೆಯಾಗಿ ಹೇಳಿದರೆ ಯಾವುದನ್ನು ಗ್ರಹಿಸಬೇಕು? ವ್ಯಾಕರಣವನ್ನು ಓದಿದವರಿಗೆ ಈ ಪ್ರಶ್ನೆ ಚಿರಪರಿಚಿತ. ತುಲ್ಯಬಲವುಳ್ಳ ಎರಡು ಸೂತ್ರಗಳಿಗೆ ವಿರೋಧವುಂಟಾದರೆ ಹಿಂದಿನದನ್ನು ಬಿಟ್ಟು ಮುಂದಿನದನ್ನು ಅನುಸರಿಸಬೇಕೆಂದು ಪಾಣಿನಿಯು ಅಷ್ಟಾಧ್ಯಾಯಿಯಲ್ಲಿ ವಿಧಿಸಿದ್ದಾನೆ. ಸಾಮಾನ್ಯವಿಧಿಗಿಂತ ಅಪವಾದವು ಬಲವತ್ತರವೆಂಬುದು ವೈಯಾಕರಣರ ಇನ್ನೊಂದು ಮರ್ಯಾದೆ. ಸಂರಚನಾ ಕಡತಗಳಲ್ಲಿಯೂ ಇಂಥ ಪರಿಭಾಷೆಗಳುಂಟು. ಆದರೆ ಎಲ್ಲ ತಂತ್ರಾಂಶಗಳಿಗೂ ಒಂದೇ ಪರಿಭಾಷೆಯಿಲ್ಲ. ತೊಡಕು ಇರುವುದೇ ಇಲ್ಲಿ.

ಮೈಎಸ್‌ಕ್ಯೂಎಲ್ ಯುನಿಕ್ಸ್ ಯಂತ್ರಗಳಲ್ಲಿ ಮೈ.ಸಿಎನ್‌ಎಫ್ ಎಂಬ ಕಡತವನ್ನು ಹಲವು ಜಾಗಗಳಲ್ಲಿ ಕ್ರಮವಾಗಿ ಹುಡುಕಿ ಸಿಕ್ಕಿದ್ದನ್ನೆಲ್ಲ ಓದುತ್ತದೆ. ಮೊದಲು ಇಡೀ ಯಂತ್ರಕ್ಕೆ ಸಾಮಾನ್ಯವಾದದ್ದು, ಅನಂತರ ಬಳಕೆದಾರನ ಮನೆಯ ಫೋಲ್ಡರಿನದು. ವಿರೋಧವಿದ್ದರೆ ಕೊನೆಗೆ ಓದಿದ್ದೇ ಪ್ರಮಾಣ. ಇದು ಪಾಣಿನಿಯ ಪರಸೂತ್ರಕ್ಕೆ ಹತ್ತಿರದ ಪದ್ಧತಿ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಮುಖ್ಯ ಕಡತವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್.ಕಾನ್ಫ್‌ನಲ್ಲಿಯೂ ಹೀಗೆಯೇ, ಅದಾದ ಬಳಿಕ ತಂತ್ರಾಂಶವು ತಾನೇ ಬರೆದುಕೊಳ್ಳುವ ಪೋಸ್ಟ್‌ಗ್ರೆಸ್‌ಕ್ಯೂಎಲ್.ಆಟೋ.ಕಾನ್ಫ್ ಎಂಬ ಕಡತವು ಬಂದು, ಮೊದಲಿನದನ್ನು ಬಾಧಿಸುತ್ತದೆ. ಇದನ್ನು ತಿಳಿಯದವರು ಮುಖ್ಯ ಕಡತವನ್ನು ಎಷ್ಟು ಸಲ ತಿದ್ದಿದರೂ ಫಲ ಕಾಣದೆ ಬೇಸರಪಡುವುದುಂಟು.

ಅದೇ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ, ಯಾರು ಎಲ್ಲಿಂದ ಯಾವ ಡೇಟಾಬೇಸಿಗೆ ಬರಬಹುದೆಂದು ನಿಯಮಿಸುವ ಪಿಜಿ_ಎಚ್‌ಬಿಎ.ಕಾನ್ಫ್ ಎಂಬ ಕಡತದ ನ್ಯಾಯವು ಇದಕ್ಕೆ ವಿರುದ್ಧ. ಅಲ್ಲಿ ಮೇಲಿನಿಂದ ಕೆಳಕ್ಕೆ ಓದುತ್ತ ಹೋಗಿ, ಬಂದವನಿಗೆ ಹೊಂದುವ ಮೊದಲನೆಯ ಪಂಕ್ತಿಯನ್ನೇ ಗ್ರಹಿಸುತ್ತಾರೆ. ಆ ಪಂಕ್ತಿಯ ಪರೀಕ್ಷೆಯಲ್ಲಿ ಅವನು ಸೋತರೆ ಮುಂದಿನ ಪಂಕ್ತಿಯನ್ನು ನೋಡುವ ಪ್ರಶ್ನೆಯೇ ಇಲ್ಲ. ಜಾಲದಲ್ಲಿರುವ ಎಲ್ಲರನ್ನೂ ಒಳಕ್ಕೆ ಬಿಡುವ ಸಾಮಾನ್ಯವಿಧಿಯು ಮೇಲಿದ್ದು, ಒಂದು ಯಂತ್ರವನ್ನು ತಡೆಯುವ ಅಪವಾದವು ಕೆಳಗಿದ್ದರೆ, ಆ ಅಪವಾದವು ಬರೆದೂ ಬರೆಯದಂತೆ. ಆದುದರಿಂದ ಇಲ್ಲಿ ಅಪವಾದಗಳನ್ನು ಮೊದಲೂ ಸಾಮಾನ್ಯವಿಧಿಗಳನ್ನು ಕೊನೆಗೂ ಬರೆಯಬೇಕು. ಒಂದೇ ತಂತ್ರಾಂಶದ ಎರಡು ಕಡತಗಳು ಎರಡು ನ್ಯಾಯಗಳನ್ನು ಅನುಸರಿಸುವಾಗ, ಕಡತಗಳನ್ನು ಹಂಚುವವನು ಪ್ರತಿಯೊಂದರ ಪರಿಭಾಷೆಯನ್ನೂ ಅದರ ತಲೆಯ ಮೇಲೆಯೇ ಟಿಪ್ಪಣಿಯಾಗಿ ಬರೆದಿಡುವುದು ಲೇಸು.

೭. ಹಂಚತಕ್ಕದ್ದು ಮತ್ತು ಹಂಚಬಾರದ್ದು

ಎಲ್ಲವನ್ನೂ ಹಂಚಿಕೆಯ ಫೋಲ್ಡರಿಗೆ ಸಾಗಿಸಬೇಕೆಂಬ ಉತ್ಸಾಹವು ಒಳ್ಳೆಯದಲ್ಲ. ಹೆಸರು ಮತ್ತು ನೆಲೆಗಳು ಸರ್ವಸಾಮಾನ್ಯ, ಅವನ್ನು ಹಂಚಬೇಕು. ಆದರೆ ಯಂತ್ರದ ಶಕ್ತಿಯನ್ನು ಅವಲಂಬಿಸಿದ ಮೌಲ್ಯಗಳು ಆಯಾ ಯಂತ್ರಕ್ಕೇ ಸಲ್ಲುವಂಥವು. ಉದಾಹರಣೆಗೆ, ಪೋಸ್ಟ್‌ಗ್ರೆಸ್‌ಕ್ಯೂಎಲ್ ತನಗಾಗಿ ಕಾದಿರಿಸಿಕೊಳ್ಳುವ ಸ್ಮೃತಿಯ ಪ್ರಮಾಣವನ್ನು ಶೇರ್ಡ್_ಬಫರ್ಸ್ ಎಂಬ ಪಂಕ್ತಿಯು ಹೇಳುತ್ತದೆ. ಡೇಟಾಬೇಸಿಗೆಂದೇ ಮೀಸಲಾದ ಯಂತ್ರದಲ್ಲಿ ಒಟ್ಟು ಸ್ಮೃತಿಯ ಸುಮಾರು ಕಾಲುಭಾಗದಿಂದ ಆರಂಭಿಸುವುದು ಯುಕ್ತವೆಂದು ಅದರ ಕೈಪಿಡಿಯ ಅಭಿಪ್ರಾಯ. ದೊಡ್ಡ ಯಂತ್ರದ ಮೌಲ್ಯವನ್ನು ಚಿಕ್ಕ ಯಂತ್ರಕ್ಕೆ ಹಾಗೆಯೇ ಕೊಟ್ಟರೆ ಅದು ಏಳಲಾರದು. ಸಾಮಾನ್ಯಭಾಗವನ್ನು ಒಂದು ಕಡತದಲ್ಲಿಟ್ಟು, ವಿಶೇಷಭಾಗವನ್ನು ಸ್ಥಳೀಯ ಕಡತದಲ್ಲಿಟ್ಟು, ಇನ್‌ಕ್ಲೂಡ್ ಎಂಬ ಪಂಕ್ತಿಯಿಂದ ಎರಡನ್ನೂ ಜೋಡಿಸುವುದಕ್ಕೆ ಅಲ್ಲಿ ಅವಕಾಶವಿದೆ.

ಗುಪ್ತಪದಗಳನ್ನಂತೂ ಹಂಚಿಕೆಯ ಕಡತದಲ್ಲಿ ಎಂದಿಗೂ ಬರೆಯಬಾರದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಇದಕ್ಕೆಂದೇ ಬಳಕೆದಾರನ ಮನೆಯ ಫೋಲ್ಡರಿನಲ್ಲಿ ಪಿಜಿಪಾಸ್ ಎಂಬ ಬೇರೆ ಕಡತವನ್ನಿಟ್ಟಿದೆ. ಯುನಿಕ್ಸ್ ಯಂತ್ರಗಳಲ್ಲಿ ಒಡೆಯನ ಹೊರತು ಇತರರಿಗೂ ಅದನ್ನು ಓದುವ ಹಕ್ಕಿದ್ದರೆ ತಂತ್ರಾಂಶವು ಅದನ್ನು ನಂಬದೆ ತಿರಸ್ಕರಿಸುತ್ತದೆ. ಯುನಿಕ್ಸಿನಲ್ಲಿ ಯಾರು ಬೇಕಾದರೂ ಬರೆಯಬಹುದಾದ ಸಂರಚನಾ ಕಡತವನ್ನು ಮೈಎಸ್‌ಕ್ಯೂಎಲ್ ಕೂಡ ಓದದೆ ಬಿಡುತ್ತದೆ. ಎಲ್ಲರ ಕೈಗೂ ಸಿಕ್ಕುವ ಬರಹಕ್ಕೆ ಪ್ರಾಮಾಣ್ಯವಿಲ್ಲವೆಂಬ ತತ್ತ್ವವನ್ನು ಯಂತ್ರವೇ ಎತ್ತಿಹಿಡಿದಂತಾಯಿತು. ಹಂಚಿಕೆಯ ಫೋಲ್ಡರಿಗೂ ಇದೇ ನಿಯಮ: ಓದುವ ಹಕ್ಕು ಎಲ್ಲರಿಗೆ, ಬರೆಯುವ ಹಕ್ಕು ಇಬ್ಬರು ಮೂವರಿಗೆ.

೮. ಕನ್ನಡ ಲಿಪಿಗೆ ಸಂಬಂಧಿಸಿದ ಒಂದು ಸಂಗತಿ

ಕನ್ನಡದ ಸಾಮಗ್ರಿಯನ್ನು ಡೇಟಾಬೇಸುಗಳಲ್ಲಿಡುವವರು ವಿಶೇಷವಾಗಿ ಗಮನಿಸತಕ್ಕ ಸಂರಚನೆಯೊಂದಿದೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆಯಿತು. ಯುಟಿಎಫ್-೮ ಎಂಬ ಸಂಕೇತನದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ. 'ಕನ್ನಡ' ಎಂಬ ಪದದಲ್ಲಿ ಒತ್ತಕ್ಷರಕ್ಕಾಗಿ ಬರುವ ವಿರಾಮಚಿಹ್ನೆಯೂ ಸೇರಿ ಐದು ಸಂಕೇತಗಳಿರುವುದರಿಂದ ಅದಕ್ಕೆ ಹದಿನೈದು ಬೈಟುಗಳು ಬೇಕು.

ಒರಾಕಲ್ಲಿನ ಕ್ಲೈಂಟು ತಾನು ಕಳುಹಿಸುವ ಅಕ್ಷರಗಳು ಯಾವ ಸಂಕೇತನದವು ಎಂಬುದನ್ನು ಎನ್‌ಎಲ್‌ಎಸ್_ಲ್ಯಾಂಗ್ ಎಂಬ ಮೌಲ್ಯದಿಂದ ತಿಳಿಸುತ್ತದೆ. ಡೇಟಾಬೇಸ್ ಯೂನಿಕೋಡಿನಲ್ಲಿದ್ದು, ಒಂದು ಯಂತ್ರದಲ್ಲಿ ಮಾತ್ರ ಈ ಮೌಲ್ಯವು ಪಶ್ಚಿಮ ಯೂರೋಪಿನ ಭಾಷೆಗಳಿಗೆ ಮೀಸಲಾದ ಸಂಕೇತನವನ್ನು ಹೇಳುತ್ತಿದ್ದರೆ, ಆ ಮೌಲ್ಯವನ್ನು ಅವಲಂಬಿಸುವ ತಂತ್ರಾಂಶದಿಂದ ಹೊರಟ ಕನ್ನಡದ ಅಕ್ಷರಗಳಿಗೆ ಅಲ್ಲಿ ಸ್ಥಾನವಿಲ್ಲದೆ, ಅವುಗಳ ಜಾಗದಲ್ಲಿ ಪ್ರಶ್ನಚಿಹ್ನೆಗಳು ಕುಳಿತುಕೊಳ್ಳುತ್ತವೆ. ಹಾಗೆ ಡೇಟಾಬೇಸಿನಲ್ಲಿ ಉಳಿದದ್ದು ಪ್ರಶ್ನಚಿಹ್ನೆಯೇ ಹೊರತು ಮರೆಯಾದ ಕನ್ನಡವಲ್ಲ. ಓಲೆಯಲ್ಲಿ ಹುಳು ತಿಂದ ಅಕ್ಷರವನ್ನು ಛಂದಸ್ಸಿನಿಂದಲೋ ಸಂದರ್ಭದಿಂದಲೋ ಊಹಿಸಬಹುದು. ಇಲ್ಲಿ ಇಡೀ ಪದವೇ ಒಂದೇ ಚಿಹ್ನೆಯ ಸಾಲಾಗಿರುವುದರಿಂದ ಊಹೆಗೆ ಆಧಾರವೇ ಇಲ್ಲ. ಮೈಎಸ್‌ಕ್ಯೂಎಲ್‌ನಲ್ಲಿಯೂ ೨೦೧೮ರ ಎಂಟನೆಯ ಆವೃತ್ತಿಯ ವರೆಗೆ ಸ್ವಾಭಾವಿಕ ಸಂಕೇತನವು ಲ್ಯಾಟಿನ್ ಲಿಪಿಯದಾಗಿತ್ತು. ಹಳೆಯ ಕಡತಗಳನ್ನು ಹೊಸ ಯಂತ್ರಗಳಿಗೆ ಹಾಗೆಯೇ ಸಾಗಿಸುವಲ್ಲಿ ಆ ಪಂಕ್ತಿಯೂ ಜೊತೆಯಲ್ಲಿ ಬರುವುದುಂಟು. ನಲವತ್ತು ಯಂತ್ರಗಳಲ್ಲಿ ಒಂದು ತಪ್ಪಿದರೂ ಸಾಕು, ಆ ಒಂದರಿಂದ ತುಂಬಿದ ಸಾಮಗ್ರಿಯೆಲ್ಲ ಹಾಳು. ಆದಕಾರಣ ಲಿಪಿಯ ಸಂಕೇತನವನ್ನು ಬಳಕೆದಾರರ ಇಚ್ಛೆಗೆ ಬಿಡದೆ, ಮಾತೃಕೆಯಿಂದಲೇ ಎಲ್ಲ ಯಂತ್ರಗಳಿಗೂ ವಿಧಿಸತಕ್ಕದ್ದು.

೯. ತಿದ್ದುಪಡಿಯ ಕ್ರಮ

ಮೇಲೆ ಹೇಳಿದ್ದರಿಂದ ಆಚರಣೆಗೆ ತಕ್ಕ ಕ್ರಮವೊಂದು ಸಿದ್ಧವಾಗುತ್ತದೆ. ಹಂಚಿಕೆಯ ಕಡತವನ್ನು ಅದಿರುವಲ್ಲಿಯೇ ತೆರೆದು ತಿದ್ದಬಾರದು. ಅರ್ಧ ಬರೆದ ಪಾಠವನ್ನು ಯಾವುದಾದರೂ ಯಂತ್ರವು ಆ ಕ್ಷಣದಲ್ಲಿಯೇ ಓದಿಬಿಡಬಹುದು. ಬೇರೆ ಹೆಸರಿನಲ್ಲಿ ಹೊಸ ಪ್ರತಿಯನ್ನು ಮಾಡಿ, ಒಂದು ಯಂತ್ರದಲ್ಲಿ ಪರೀಕ್ಷಿಸಿ, ಹಳೆಯದನ್ನು ದಿನಾಂಕದೊಡನೆ ತೆಗೆದಿರಿಸಿ, ಆಮೇಲೆ ಹೊಸದಕ್ಕೆ ನಿಜವಾದ ಹೆಸರನ್ನು ಕೊಡಬೇಕು.

ಪರೀಕ್ಷೆಗೆ ಸಾಧನಗಳುಂಟು. ಒರಾಕಲ್ಲಿನ ಟಿಎನ್‌ಎಸ್‌ಪಿಂಗ್ ಎಂಬುದು ಕೊಟ್ಟ ಹೆಸರನ್ನು ಯಾವ ಮಾರ್ಗದಿಂದ ಅರ್ಥಮಾಡಿಕೊಂಡಿತು, ಅದರ ಅರ್ಥವೇನು, ದ್ವಾರಪಾಲಕನು ಮಾತನಾಡಿದನೇ ಎಂಬುದನ್ನು ತಿಳಿಸುತ್ತದೆ. ಆದರೆ ಒಳಗಿನ ಡೇಟಾಬೇಸ್ ಎಚ್ಚರವಾಗಿದೆಯೆಂಬುದಕ್ಕೆ ಅದು ಸಾಕ್ಷಿಯಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪಿಜಿ_ಫೈಲ್_ಸೆಟ್ಟಿಂಗ್ಸ್ ಎಂಬ ಕೋಷ್ಟಕವು ಪ್ರತಿಯೊಂದು ಮೌಲ್ಯವೂ ಯಾವ ಕಡತದ ಎಷ್ಟನೆಯ ಪಂಕ್ತಿಯಿಂದ ಬಂದಿದೆ, ಅಲ್ಲಿ ದೋಷವಿದೆಯೇ ಎಂಬುದನ್ನು, ಹೊಸ ಪಾಠವು ಜಾರಿಗೆ ಬರುವ ಮೊದಲೇ ತೋರಿಸುತ್ತದೆ. ಮೈಎಸ್‌ಕ್ಯೂಎಲ್‌ನ ಸರ್ವರಿಗೂ ಎಂಟನೆಯ ಆವೃತ್ತಿಯಲ್ಲಿ, ಕೆಲಸವನ್ನು ಆರಂಭಿಸದೆ ಕಡತವನ್ನು ಮಾತ್ರ ಪರಿಶೀಲಿಸುವ ಸೌಕರ್ಯವು ಬಂದಿದೆ.

ಕೊನೆಯದಾಗಿ ಗ್ರಂಥಗಳ ಅಂತ್ಯದಲ್ಲಿ ಲಿಪಿಕಾರನು ಬರೆಯುತ್ತಿದ್ದ ಪುಷ್ಪಿಕೆಯನ್ನು ಇಲ್ಲಿಯೂ ಬಿಡಬಾರದು. ಯಾವ ದಿನ, ಯಾರು, ಯಾವ ಕಾರಣಕ್ಕಾಗಿ ತಿದ್ದಿದರೆಂಬುದನ್ನು ಎರಡು ಪಂಕ್ತಿಗಳಲ್ಲಿ ಬರೆದಿಡಬೇಕು. ಹಳೆಯ ಹೆಸರನ್ನು ಏಕೆ ಉಳಿಸಿದೆಯೆಂಬ ಕಾರಣವು ಕಡತದಲ್ಲಿಲ್ಲದಿದ್ದರೆ, ಮುಂದೆ ಬರುವವನು ಅದನ್ನು ಅಳಿಸಲೂ ಅಂಜುತ್ತಾನೆ, ಇಡಲೂ ಅಂಜುತ್ತಾನೆ.

೧೦. ಉಪಸಂಹಾರ

ಇಷ್ಟರಿಂದ ಸಿದ್ಧಪಡುವ ಅಂಶಗಳು ಇವು. ಸಂರಚನಾ ಕಡತವು ಹೆಸರಿಗೂ ನೆಲೆಗೂ ಇರುವ ಒಪ್ಪಂದದ ಬರಹ. ಜಾಲದಲ್ಲಿ ಪ್ರತಿಗಳು ಅನಿವಾರ್ಯ. ಆದರೆ ಮಾತೃಕೆಯು ಒಂದೇ ಇರಬೇಕು, ಅದಕ್ಕೆ ಗೊತ್ತಾದ ಒಡೆಯರಿರಬೇಕು, ಪ್ರತಿಯು ಮಾತೃಕೆಗಿಂತ ಹಳೆಯದಾಗಿ ಉಳಿಯಲು ಅವಕಾಶವಿರಬಾರದು. ಸಾಮಾನ್ಯವಾದದ್ದನ್ನು ಹಂಚಬೇಕು, ವಿಶೇಷವಾದದ್ದನ್ನು ಸ್ಥಳದಲ್ಲಿಡಬೇಕು, ಗುಪ್ತವಾದದ್ದನ್ನು ಬೇರೆಯಿಡಬೇಕು. ಪ್ರಯೋಗದ ಡೇಟಾಬೇಸಿಗೂ ನಿಜವಾದುದಕ್ಕೂ ಒಂದೇ ಹೆಸರು ಎಂದಿಗೂ ಸಲ್ಲದು.

ಗ್ರಂಥಸಂಪಾದಕನು ಬಹು ಪ್ರತಿಗಳಿಂದ ಒಂದು ಮೂಲದ ಕಡೆಗೆ ನಡೆಯುತ್ತಾನೆ. ಕಡತಗಳ ನಿರ್ವಾಹಕನು ಒಂದು ಮೂಲದಿಂದ ಬಹು ಪ್ರತಿಗಳ ಕಡೆಗೆ ನಡೆಯುತ್ತಾನೆ. ದಾರಿಯ ದಿಕ್ಕು ಬೇರೆಯಾದರೂ ಬೇಕಾದ ಎಚ್ಚರವು ಒಂದೇ. ನಮ್ಮ ಸಂಸ್ಥೆಗಳ ನಿಘಂಟು, ಸೂಚಿ, ಅನುಕ್ರಮಣಿಕೆಗಳು ಡೇಟಾಬೇಸುಗಳನ್ನು ಸೇರುತ್ತಿರುವ ಈ ಕಾಲದಲ್ಲಿ, ಅವುಗಳ ಪಾಠಶುದ್ಧಿಯನ್ನು ನೋಡಿಕೊಳ್ಳುವವರು ಈ ಹತ್ತಿಪ್ಪತ್ತು ಪಂಕ್ತಿಗಳ ಕಡತದ ಶುದ್ಧಿಯನ್ನೂ ತಮ್ಮ ಕರ್ತವ್ಯದಲ್ಲಿ ಸೇರಿಸಿಕೊಳ್ಳುವುದು ಯುಕ್ತ.